ಕಣ್ಣು ಚೆನ್ನಾಗಿ ಕಂಡರೂ ಪರೀಕ್ಷೆ ಬೇಕು
ಸಂಧಿವಾತಕ್ಕೆ ದಿನಕ್ಕೆ 400 ಮಿಲಿಗ್ರಾಂ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುವ ನಿಮ್ಮ ಅಮ್ಮನಿಗೆ ಕಣ್ಣಿನ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಕು. ಈ ಮಾತ್ರೆಯಿಂದ ರೆಟಿನಾಗೆ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ಆಗುವ ಹಾನಿ ಮೊದಮೊದಲು ಗೊತ್ತೇ ಆಗುವುದಿಲ್ಲ, ಆದ ಮೇಲೆ ಸರಿಹೋಗುವುದೂ ಇಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಐದು ವರ್ಷಕ್ಕೂ ಜಾಸ್ತಿ ಇದನ್ನು ತಗೊಂಡ 2,361 ಜನರಲ್ಲಿ ಶೇ. 7.5ರಷ್ಟು ಮಂದಿಗೆ ಹಾನಿ ಕಂಡಿತ್ತು. ದಿನದ ಡೋಸ್ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಒಳಗಿದ್ದವರಿಗೆ ಮೊದಲ ಹತ್ತು ವರ್ಷ ಅಪಾಯ ಶೇ. 2ಕ್ಕಿಂತ ಕಡಿಮೆ. ಅಮ್ಮನ ತೂಕ 52 ಕಿಲೋ ಅಂದಿರಿ. ಆ ಲೆಕ್ಕದಲ್ಲಿ ಮಿತಿ 260 ಮಿಲಿಗ್ರಾಂ, ಈಗಿನ ಡೋಸ್ ಜಾಸ್ತಿಯೇ ಆಯಿತು ಅಲ್ವಾ? ಬೇಗ ವೈದ್ಯರ ಹತ್ತಿರ ಮಾತಾಡಿ. ಸುಮ್ನೆ ನೀವೇ ನಿಲ್ಲಿಸಬೇಡಿ, ಕೀಲುನೋವು ಮತ್ತೆ ಕೆರಳಬಹುದು. ಕಿಡ್ನಿ ತೊಂದರೆ ಇದ್ದರೆ ತಪ್ಪದೆ ಹೇಳಿ, ಅಪಾಯ ಹೆಚ್ಚುತ್ತದೆ. ಬರೀ ಅಕ್ಷರ ಓದಿಸಿ ಕಳಿಸಿದರೆ ಸಾಲದು. ಓಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಪರೀಕ್ಷೆ), ವಿಷುವಲ್ ಫೀಲ್ಡ್ (ನೋಟದ ವ್ಯಾಪ್ತಿಯಲ್ಲಿ ಎಲ್ಲಿ ಕಾಣುತ್ತಿಲ್ಲ ಅಂತ ನೋಡುವ ಪರೀಕ್ಷೆ) ಎರಡನ್ನೂ ಮಾಡಿಸಿ.