ಮಗ್ಗದ ಕಾರ್ಖಾನೆಯಲ್ಲಿ ಉತ್ಪಾದಕತೆ ಅಳೆಯುವುದು ಹೇಗೆ?

ನೀವು ಕೇಳಿದ್ದು ಎರಡು. ಬಿಬಿಎ ಸಿಲೆಬಸ್‌ನಲ್ಲಿರುವ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಅಂದ್ರೆ ಏನು ಅನ್ನೋದು ಒಂದು. ಬನಹಟ್ಟಿಯಲ್ಲಿ ಮಗ್ಗದ ಕಾರ್ಖಾನೆ ನಡೆಸುವ ನಿಮ್ಮ ಕಾಕಾ "ನೇಯುವವರು ಮೈಗಳ್ಳರು, ಅದಕ್ಕೇ ಮಾಲು ಕಡಿಮೆ" ಅನ್ನುತ್ತಾರಲ್ಲ, ಅದು ನಿಜವೋ ಅಂತ ಲೆಕ್ಕ ಹಾಕಿ ನೋಡೋದು ಹೇಗೆ ಅನ್ನೋದು ಇನ್ನೊಂದು. ನಾನೂ ಬಾಗಲಕೋಟೆ ಜಿಲ್ಲೆಯವನೇ, ಪವರ್‌ಲೂಮ್ ಕಾರ್ಖಾನೆಗಳ ಲೆಕ್ಕ ಬರೆಯುವವನು. ಎರಡಕ್ಕೂ ಮಗ್ಗದಿಂದಲೇ ಉತ್ತರ ಕೊಡುತ್ತೇನೆ.

ಮೊದಲನೆಯದು ಸುಲಭ. ನೂಲು ಒಳಗೆ ಬಂದಾಗಿನಿಂದ ಮಡಚಿದ ಸೀರೆ ಹೊರಗೆ ಹೋಗುವವರೆಗೆ ನಡೆಯುವ ಎಲ್ಲವನ್ನೂ ಹೊಂದಿಸುವ ಕೆಲಸವೇ ಆಪರೇಷನ್ಸ್. ಎಷ್ಟು ನೂಲು ತರಿಸಬೇಕು, ಯಾವ ಆರ್ಡರ್ ಯಾವ ಮಗ್ಗಕ್ಕೆ, ಮುಂದಿನ ಬೀಮ್ (ಉದ್ದದ ನೂಲು ಸುತ್ತಿದ ಉರುಳೆ) ಯಾವಾಗ ತಯಾರಾಗಬೇಕು, ಮಾಲು ಯಾರು ತಪಾಸಣೆ ಮಾಡಬೇಕು, ಹೀಗೆ. ಸಾಲ ತರುವುದು ಫೈನಾನ್ಸ್, ಮಾರುವುದು ಮಾರ್ಕೆಟಿಂಗ್. ಖಾನಾವಳಿ ನಡೆಸುವವರಿಗೂ ಆಸ್ಪತ್ರೆಗೂ ಆಪರೇಷನ್ಸ್ ಇದ್ದೇ ಇರುತ್ತದೆ.

ಉತ್ಪಾದಕತೆ ಅಂದ್ರೆ ಬಂದದ್ದನ್ನು ಹಾಕಿದ್ದರಿಂದ ಭಾಗಿಸುವುದು, ಅಷ್ಟೇ. ಗೊಂದಲ ಶುರುವಾಗೋದು ಯಾವ "ಹಾಕಿದ್ದು" ಅಂತ ಕೇಳಿದಾಗ. ಮಗ್ಗದ ಗಂಟೆಯೋ, ಆಳಿನ ಗಂಟೆಯೋ, ನೂಲಿನ ಕಿಲೋನೋ, ಕರೆಂಟಿನ ಯೂನಿಟ್ಟೋ?

ಒಂದು ಉದಾಹರಣೆ ನೋಡಿ. ಮಗ್ಗ ನಿಮಿಷಕ್ಕೆ 120 ಪಿಕ್ ಓಡುತ್ತದೆ, ಅಂದ್ರೆ ಲಾಳಿ 120 ಸಲ ಹಾಯುತ್ತದೆ. ಬಟ್ಟೆಗೆ ಇಂಚಿಗೆ 48 ಪಿಕ್ ಬೇಕು. ನಿಮಿಷಕ್ಕೆ ಎರಡೂವರೆ ಇಂಚು ಬಟ್ಟೆ, ಎಂಟು ಗಂಟೆಗೆ ಸುಮಾರು 30 ಮೀಟರ್. ಒಂದು ಕ್ಷಣವೂ ನಿಲ್ಲದೆ ಓಡಿದರೆ ಮಾತ್ರ. ನಿಜಕ್ಕೂ ಬಂದದ್ದು 21 ಮೀಟರ್ ಆದರೆ ಮಗ್ಗದ ಎಫಿಷಿಯೆನ್ಸಿ 70 ಶೇಕಡಾ. ಅದರಲ್ಲಿ 2 ಮೀಟರ್ ಕೆಟ್ಟಿದ್ದರೆ 19 ಅಂತಲೇ ಬರೆಯಿರಿ, ಕೆಟ್ಟ ಮಾಲನ್ನು ಸೇರಿಸಿ ಲೆಕ್ಕ ಚೆಂದ ಮಾಡಬೇಡಿ.

ಈಗ ಆಳಿನ ಲೆಕ್ಕ. ಕೆಟ್ಟ ಮಾಲು ಇಲ್ಲ ಅಂತಿಟ್ಟುಕೊಳ್ಳಿ; ಒಬ್ಬರು ನಾಲ್ಕು ಮಗ್ಗ ನೋಡಿದರೆ ತಲಾ 21ರಂತೆ 84 ಮೀಟರ್, ಗಂಟೆಗೆ ಹತ್ತೂವರೆ. ಕಾಕಾ ಆರು ಮಗ್ಗ ಕೊಟ್ಟರು ಅನ್ನಿ. ಒಂದು ಕಡೆ ನೂಲು ಜೋಡಿಸುವಾಗ ಇನ್ನೊಂದು ಕಡೆ ಮಗ್ಗ ನಿಂತೇ ಇರುತ್ತದೆ, ಆದ್ದರಿಂದ ಪ್ರತಿ ಮಗ್ಗಕ್ಕೆ 18 ಮೀಟರ್‌ಗೆ ಇಳಿಯಿತು. ಒಟ್ಟು 108, ಗಂಟೆಗೆ ಹದಿಮೂರೂವರೆ. ಆಳಿನ ಉತ್ಪಾದಕತೆ ಏರಿತು, ಮಗ್ಗದ್ದು ಇಳಿಯಿತು! ಹಾಗಾದ್ರೆ ಲಾಭವೋ ನಷ್ಟವೋ? ನಮ್ಮ ಕಡೆ ಕೂಲಿ ಸಾಮಾನ್ಯವಾಗಿ ಮೀಟರಿಗೋ ಸೀರೆಗೋ ಇರುತ್ತದೆ. ಆಳು ಎಷ್ಟೇ ಮಗ್ಗ ನೋಡಲಿ, ಮೀಟರಿನ ಕೂಲಿ ಅಷ್ಟೇ. ಆದರೆ ಪ್ರತಿ ಮಗ್ಗದ ಪಾಲಿನ ಸಾಲದ ಬಡ್ಡಿ, ಶೆಡ್ಡಿನ ಬಾಡಿಗೆ 21ರ ಬದಲು 18 ಮೀಟರಿಗೇ ಹಂಚಿಕೆಯಾಗುತ್ತದೆ. ಕಾಕಾ ನೋಡಬೇಕಾದ್ದು ಮಗ್ಗದ ಲೆಕ್ಕವನ್ನೇ.

ಮೈಗಳ್ಳತನದ ಮಾತು ನನಗೆ ಒಪ್ಪಿಗೆಯಾಗದ್ದೂ ಇದಕ್ಕೇ. ಮೀಟರಿಗೆ ಕೂಲಿ ಇರುವಾಗ ಮಗ್ಗ ನಿಂತರೆ ಮೊದಲು ಏಟು ಬೀಳೋದು ನೇಯುವವನ ಜೇಬಿಗೆ. ಸುಮ್ನೆ ನಿಲ್ಲಿಸಿಕೊಂಡು ಕೂರುವುದಕ್ಕೆ ಅವನಿಗೇನು ಹುಚ್ಚೇ? ಮಗ್ಗ ನಿಲ್ಲೋದು ಬೇರೆ ಕಾರಣಕ್ಕೆ: ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತಿ ಇಟ್ಟಿರುವುದಿಲ್ಲ, ಬೀಮ್ ಮುಗಿದರೆ ಮುಂದಿನದು ತಯಾರಿರುವುದಿಲ್ಲ, ಮಗ್ಗ ರಿಪೇರಿ ಮಾಡುವ ಜಾಬರ್ ಬೇರೆ ಶೆಡ್ಡಿಗೆ ಹೋಗಿರುತ್ತಾನೆ. ಬೇಸಿಗೆಯ ಒಣ ಗಾಳಿಗೆ ಹತ್ತಿ ನೂಲು ಜಾಸ್ತಿ ಹರಿಯುತ್ತದೆ, ತೇವ ಇದ್ದರೆ ತಡೆಯುತ್ತದೆ. ಶೆಡ್ಡಿನ ನೆಲಕ್ಕೆ ನೀರು ಹಾಕಿಸುವುದೂ ಆಪರೇಷನ್ಸೇ ಅಲ್ವಾ? ಇವೆಲ್ಲ ಮಾಲೀಕರ ಪಾಲಿನ ಕೆಲಸ.

ಅಂದಹಾಗೆ, ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾದ ಬೇರು ಇರುವುದೂ ಮಗ್ಗದಲ್ಲೇ. ಸಕಿಚಿ ಟೊಯೋಡಾ ನೂಲು ಹರಿದರೆ ತಾನೇ ನಿಲ್ಲುವ ಮಗ್ಗ ಮಾಡಿದರು. 1924ರ ಅವರ ಮಗ್ಗ ಓಡುತ್ತಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು, ಅದರ ಪೇಟೆಂಟ್ ಹಕ್ಕಿಗೆ 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಪ್ಪಂದ ಮಾಡಿಕೊಂಡಿತು. ಒಬ್ಬರಿಗೆ ಮಗ್ಗ ಹೆಚ್ಚು ಕೊಟ್ಟರೂ ಮಗ್ಗದ ಲೆಕ್ಕ ಬೀಳದಂತೆ ನೋಡಿಕೊಂಡ ಉಪಾಯ ಅದು. ಆಳನ್ನು ಬೈದು ಸಾಧಿಸಿದ್ದಲ್ಲ.

ನೀವು ಮಾಡಬೇಕಾದ್ದು ಇಷ್ಟು. ಪ್ರತಿ ಮಗ್ಗಕ್ಕೆ ಒಂದು ನೋಟ್‌ಬುಕ್ ಕಟ್ಟಿ. ನಿಂತ ಹೊತ್ತು, ಮತ್ತೆ ಶುರುವಾದ ಹೊತ್ತು, ಕಾರಣ, ಇವನ್ನು ವಾರವಿಡೀ ನೇಯುವವರ ಕೈಯಲ್ಲೇ ಬರೆಸಿ. ದಂಡ ಹಾಕಲ್ಲ ಅಂತ ಕಾಕಾನಿಂದ ಮೊದಲೇ ಹೇಳಿಸಿ, ಇಲ್ಲದಿದ್ದರೆ ಯಾರೂ ನಿಜ ಬರೆಯೋದಿಲ್ಲ. ಕರೆಂಟ್ ಹೋದದ್ದಕ್ಕೆ ಬೇರೆಯೇ ಕಾಲಂ ಇಡಿ, ಯಾಕಂದ್ರೆ ಕಾರಣ ಕೇಳಿದರೆ ಎಲ್ಲರೂ ಮೊದಲು ಹೇಳೋದು ಅದನ್ನೇ.