ಮತ್ತು ಇಳಿಯದಿದ್ದರೆ ಎಂಬ ಭಯ

ಪ್ರಶ್ನೆ: ನನಗೆ 44 ವರ್ಷ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿದ್ದು ಎರಡು ವರ್ಷದಿಂದ ವಿಪರೀತ ರಕ್ತಸ್ರಾವವಾಗುತ್ತಿದೆ. ಮಾತ್ರೆಗಳಿಂದ ಗುಣ ಕಾಣಲಿಲ್ಲ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಲ್ಯಾಪರೋಸ್ಕೋಪಿ ಮೂಲಕ ಗರ್ಭಕೋಶ ತೆಗೆಸುವುದೇ ಸರಿ ಎಂದು ಇಬ್ಬರು ವೈದ್ಯರು ಹೇಳಿದ್ದಾರೆ. ಎರಡೂ ಹೆರಿಗೆ ಸಿಸೇರಿಯನ್ ಆಗಿತ್ತು, ಆದರೆ ಆಗ ಬೆನ್ನಿಗೆ ಸೂಜಿ ಕೊಟ್ಟಿದ್ದರಿಂದ ಎಚ್ಚರವಾಗಿಯೇ ಇದ್ದೆ. ಈಗ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರಂತೆ. ಅದನ್ನು ನೆನೆದರೇ ಕೈಕಾಲು ತಣ್ಣಗಾಗುತ್ತದೆ. ನಾನು ಹನ್ನೆರಡು ವರ್ಷದವಳಿದ್ದಾಗ ದೊಡ್ಡಪ್ಪ ಆಪರೇಷನ್‌ಗೆ ಹೋದವರು ಬದುಕಿ ಬರಲಿಲ್ಲ. ‘ಕೊಟ್ಟ ಮತ್ತು ಇಳಿಯಲೇ ಇಲ್ಲ’ ಎಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಒಮ್ಮೆ ದಿನಾಂಕ ಮುಂದೂಡಿದೆ. ಇನ್ನೊಮ್ಮೆ ದಾಖಲಾಗಿ, ರಾತ್ರಿಯೇ ಎದ್ದು ಮನೆಗೆ ಬಂದೆ. ಯಜಮಾನರಿಗೆ ಸಿಟ್ಟು ಬಂದಿದೆ, ನನಗೆ ನಾಚಿಕೆಯಾಗಿದೆ. ಏನು ಮಾಡಲಿ?

ಉತ್ತರ: ಪ್ರಿಯ ಸಹೋದರಿ, ಪತ್ರದ ಕೊನೆಯಲ್ಲಿರುವ ನಾಚಿಕೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮನೆಯ ಹಿರಿಯರು ಆಸ್ಪತ್ರೆಗೆ ಹೋದದ್ದನ್ನೂ ಮರಳಿ ಬಾರದಿದ್ದದ್ದನ್ನೂ ಕಂಡಳು, ಮತ್ತು ಅದಕ್ಕೆ ದೊಡ್ಡವರಿಂದ ಅವಳಿಗೆ ಸಿಕ್ಕ ಕಾರಣ ಒಂದೇ ಒಂದು ವಾಕ್ಯ. ಆ ವಾಕ್ಯವನ್ನು ಮೂವತ್ತೆರಡು ವರ್ಷ ಹೊತ್ತು ಬಂದವರು, ಅದೇ ಮತ್ತಿಗೆ ತಮ್ಮನ್ನು ಒಪ್ಪಿಸಿಕೊಳ್ಳಬೇಕಾದ ಹಿಂದಿನ ರಾತ್ರಿ ವಾರ್ಡಿನಿಂದ ಎದ್ದು ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ. ‘ಏನೂ ಆಗುವುದಿಲ್ಲ, ಧೈರ್ಯವಾಗಿರು’ ಎಂದು ಸುತ್ತಲಿನವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಆ ಮಾತು ಬಂದ ಮೇಲೆ ಪ್ರಶ್ನೆ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ನಿಮ್ಮ ಪತ್ರದಲ್ಲಿ ಇಬ್ಬರು ವೈದ್ಯರ ಅಭಿಪ್ರಾಯವಿದೆ, ಯಜಮಾನರ ಸಿಟ್ಟೂ ಇದೆ. ಅರಿವಳಿಕೆ ತಜ್ಞರ ಪ್ರಸ್ತಾಪ ಮಾತ್ರ ಒಮ್ಮೆಯೂ ಇಲ್ಲ. ನಿಮ್ಮ ಭಯಕ್ಕೆ ನೇರವಾಗಿ ಉತ್ತರ ಕೊಡಬಲ್ಲ ಆ ಒಬ್ಬರಿಗೆ ನೀವು ಅದನ್ನು ಇನ್ನೂ ಹೇಳಿಕೊಂಡಂತಿಲ್ಲ.

ನಮ್ಮಲ್ಲಿ ಬಹಳ ಜನರ ತಿಳಿವಳಿಕೆ ಹೀಗಿದೆ: ಯಾರೋ ಒಬ್ಬರು ಬಂದು ಮತ್ತಿನ ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ, ರೋಗಿ ಆ ಮತ್ತಿನಲ್ಲಿ ಬಿದ್ದಿರುತ್ತಾರೆ, ಅದು ಇಳಿದರೆ ಇಳಿಯಿತು, ಇಲ್ಲವಾದರೆ ಇಲ್ಲ. ನಿಜವಾಗಿಯೂ ಹಾಗಿದ್ದಿದ್ದರೆ ನಾನೂ ನಿಮ್ಮಂತೆಯೇ ಎದ್ದು ಬರುತ್ತಿದ್ದೆ. ಸಾಮಾನ್ಯವಾಗಿ ಕೊಡುವ ಪ್ರೊಪೊಫಾಲ್ ಎಂಬ, ಹಾಲಿನಂತೆ ಬೆಳ್ಳಗಿರುವ ಔಷಧಿ ಒಂದು ನಿಮಿಷದೊಳಗೆ ನಿದ್ದೆ ತರಿಸುತ್ತದೆ. ಆದರೆ ಒಂದು ಸಲ ಕೊಟ್ಟದ್ದರ ಪ್ರಭಾವ ಐದು–ಹತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ನೀವು ನಿದ್ದೆಯಲ್ಲಿರಬೇಕಾದರೆ ಸೆವೊಫ್ಲುರೇನ್‌ನಂಥ ಅನಿಲವನ್ನು ನಿಮ್ಮ ಉಸಿರಿನೊಡನೆ ಕೊಡುತ್ತಲೇ ಇರಬೇಕು, ಇಲ್ಲವೇ ಔಷಧಿಯನ್ನು ರಕ್ತನಾಳಕ್ಕೆ ಹರಿಸುತ್ತಲೇ ಇರಬೇಕು. ಕೊಡುವುದನ್ನು ನಿಲ್ಲಿಸಿದರೆ ದೇಹ ತಾನಾಗಿಯೇ ಎಚ್ಚರದ ಕಡೆಗೆ ಹೊರಳುತ್ತದೆ. ಆದ್ದರಿಂದ ಅರಿವಳಿಕೆ ತಜ್ಞರು ಎಲ್ಲಿಗೂ ಹೋಗುವಂತಿಲ್ಲ. ಮೊದಲಿನಿಂದ ಕೊನೆಯವರೆಗೆ ನಿಮ್ಮ ತಲೆಯ ಬಳಿಯೇ ಕುಳಿತು, ಹೃದಯದ ಬಡಿತ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ, ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ಇಷ್ಟನ್ನೂ ನೋಡುತ್ತಾ, ಅದಕ್ಕೆ ತಕ್ಕಂತೆ ಔಷಧಿಯನ್ನು ಏರಿಸುತ್ತಾ ಇಳಿಸುತ್ತಾ ಇರುವುದೇ ಅವರ ಕೆಲಸ. ಶಸ್ತ್ರಚಿಕಿತ್ಸಕರ ಗಮನ ಗರ್ಭಕೋಶದ ಮೇಲಿರುತ್ತದೆ. ನಿಮ್ಮನ್ನು ಇಡಿಯಾಗಿ ನೋಡಿಕೊಳ್ಳುವುದಕ್ಕೆಂದೇ ಆ ಕೋಣೆಯಲ್ಲಿ ಇರುವವರು ಇವರು.

ನಮ್ಮ ಭಾಷೆಯ ‘ಅರಿವಳಿಕೆ’ ಎಂಬ ಪದವೂ ಸ್ವಲ್ಪ ಹೆದರಿಸುವಂಥದ್ದೇ ಎಂದು ನನಗೆ ಅನ್ನಿಸುವುದುಂಟು, ಏಕೆಂದರೆ ಅಳಿದದ್ದು ಮರಳಿ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಇಲ್ಲಿ ಅರಿವು ಅಳಿಯುವುದಿಲ್ಲ. ಅದನ್ನು ಅಷ್ಟು ಹೊತ್ತು ತಡೆದು ಹಿಡಿಯಲಾಗುತ್ತದೆ.

ಸಿಸೇರಿಯನ್‌ನಲ್ಲಿ ಕೊಟ್ಟಂತೆ ಈಗಲೂ ಬೆನ್ನಿಗೇ ಕೊಡಬಾರದೇಕೆ ಎಂದು ನಿಮಗೆ ಅನ್ನಿಸಿರಬಹುದು. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಅನಿಲ ತುಂಬಿ ಉಬ್ಬಿಸುತ್ತಾರೆ, ಮೇಜನ್ನು ತಲೆಯ ಕಡೆಗೆ ತಗ್ಗಿಸುತ್ತಾರೆ. ಆ ಸ್ಥಿತಿಯಲ್ಲಿ ಎಚ್ಚರವಾಗಿದ್ದು ಸರಾಗವಾಗಿ ಉಸಿರಾಡುವುದು ಕಷ್ಟವಾದ್ದರಿಂದ ಗಂಟಲಿಗೆ ನಳಿಕೆ ಇಟ್ಟು ಯಂತ್ರದ ಮೂಲಕ ಉಸಿರಾಡಿಸುವುದೇ ಹೆಚ್ಚು ಕ್ಷೇಮ. ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಯಾದರೆ ಬೆನ್ನಿನ ಅರಿವಳಿಕೆ ಸಾಧ್ಯವಾಗಬಹುದು, ಆದರೆ ಗಾಯ ದೊಡ್ಡದು, ಚೇತರಿಕೆ ನಿಧಾನ. ಈ ಪ್ರಶ್ನೆಯನ್ನು ವೈದ್ಯರ ಮುಂದೆ ಸಂಕೋಚವಿಲ್ಲದೆ ಇಡಿ.

ಇನ್ನು ದೊಡ್ಡಪ್ಪನ ವಿಷಯ. ‘ಮತ್ತು ಇಳಿಯಲೇ ಇಲ್ಲ’ ಎಂಬುದು ಮನೆಯವರು ದುಃಖದಲ್ಲಿ ಕಟ್ಟಿಕೊಂಡ ವಿವರಣೆ ಆಗಿರಬಹುದು. ತುರ್ತಾಗಿ, ಸೋಂಕು ಏರಿದ ಸ್ಥಿತಿಯಲ್ಲಿ ಒಯ್ದವರ ಸಾವನ್ನೂ ಜನ ಹಾಗೆಯೇ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆ ದಿನಗಳಲ್ಲಿ ಎಷ್ಟೋ ಸಣ್ಣ ಊರುಗಳ ಆಪರೇಷನ್ ಕೋಣೆಯಲ್ಲೂ ಇರುತ್ತಿರಲಿಲ್ಲ ಎಂಬುದನ್ನೂ ನೆನೆಯಿರಿ. ಆದರೂ ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ವೈದ್ಯರೂ ತಳ್ಳಿಹಾಕಬಾರದು. ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಮೆಥೋನಿಯಂ ಎಂಬ ಔಷಧಿಯ ಪ್ರಭಾವ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಅದನ್ನು ಕರಗಿಸುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ, ಅಷ್ಟು ಹೊತ್ತೂ ಅವರು ತಾವಾಗಿ ಉಸಿರಾಡಲಾರರು. ಇದು ವಂಶದಲ್ಲಿ ಹರಿದುಬರುವ ಕೊರತೆ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಂಡುಬಂದಿದೆ. ಗೊತ್ತಿದ್ದರೆ ಆ ಔಷಧಿಯನ್ನೇ ಬಿಟ್ಟು ಬೇರೆಯದನ್ನು ಬಳಸುತ್ತಾರೆ. ಗೊತ್ತಿಲ್ಲದೆ ಕೊಟ್ಟರೂ ಪ್ರಭಾವ ಇಳಿಯುವವರೆಗೆ ಯಂತ್ರದ ಉಸಿರಾಟದಲ್ಲಿ ಇಟ್ಟು ಕಾಪಾಡಬಹುದು. ಅರಿವಳಿಕೆಯಲ್ಲಿ ಮೈಯ ಉಷ್ಣತೆ ಅಪಾಯಕರವಾಗಿ ಏರುವ, ಬಹಳ ಅಪರೂಪದ ಇನ್ನೊಂದು ತೊಂದರೆಯೂ ವಂಶದಲ್ಲಿ ಬರುವಂಥದ್ದೇ. ಮೂವತ್ತೆರಡು ವರ್ಷದಿಂದ ನಿಮ್ಮನ್ನು ಹೆದರಿಸಿದ ಆ ವಾಕ್ಯ ಅರಿವಳಿಕೆ ತಜ್ಞರ ಕಿವಿಗೆ ಬಿದ್ದರೆ ಅವರಿಗೆ ಉಪಯುಕ್ತ ಮಾಹಿತಿಯಾಗುತ್ತದೆ.

ನೀವು ಗಣಿತದವರು, ಆದ್ದರಿಂದ ಅಂಕಿಗಳನ್ನು ಮುಚ್ಚಿಡುವುದಿಲ್ಲ. ಬೇರೆ ಗಂಭೀರ ಕಾಯಿಲೆಯಿಲ್ಲದವರು ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಅರಿವಳಿಕೆಯ ಕಾರಣದಿಂದಲೇ ಸಾವು ಸಂಭವಿಸುವುದು ಸುಮಾರು 1 ಲಕ್ಷದಲ್ಲಿ ಒಬ್ಬರಿಗೆ ಎಂದು ಬ್ರಿಟನ್ನಿನ ತಜ್ಞರು ತಮ್ಮ ರೋಗಿಗಳಿಗೆ ತಿಳಿಸುತ್ತಾರೆ. ನಡುವೆ ಎಚ್ಚರವಾಗಿಬಿಟ್ಟರೆ ಎಂಬ ಹೆದರಿಕೆ ಅನೇಕರಿಗಿದೆ. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ಅಂಥ ದೂರು ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ ದಾಖಲಾಗಿತ್ತು. ಅವುಗಳಲ್ಲಿ ಹೆಚ್ಚಿನವು ನಿದ್ದೆಗೆ ಜಾರುವ ಅಥವಾ ಏಳುವ ಹೊತ್ತಿನ, ಕೆಲವೇ ನಿಮಿಷಗಳ ಅನುಭವಗಳು. ಇವು ಅಲ್ಲಿನ ವ್ಯವಸ್ಥೆಯ ಅಂಕಿಗಳು. ಆದ್ದರಿಂದಲೇ ನಿಮ್ಮ ಆಸ್ಪತ್ರೆಯಲ್ಲಿ ಅರ್ಹ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಯುದ್ದಕ್ಕೂ ಇರುತ್ತಾರೆಯೇ, ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಮಾನಿಟರ್ ಇದೆಯೇ, ಅಗತ್ಯ ಬಿದ್ದರೆ ಐಸಿಯು ಮತ್ತು ರಕ್ತ ಸಿಗುತ್ತದೆಯೇ ಎಂದು ಕೇಳಿ. ಹೀಗೆ ಕೇಳುವುದು ವೈದ್ಯರಿಗೆ ಅಗೌರವ ತೋರಿದಂತೆ ಅಲ್ಲ.

ಲಕ್ಷದಲ್ಲಿ ಒಬ್ಬರು ಎಂದು ತಿಳಿದ ಮೇಲೂ ಹೆದರಿಕೆ ಉಳಿಯುತ್ತದೆ, ಏಕೆಂದರೆ ಅದರೊಳಗೆ ಇನ್ನೊಂದು ಹೆದರಿಕೆ ಅಡಗಿರುತ್ತದೆ. ನಾನು ನಾನಾಗಿ ಇಲ್ಲದ ಹೊತ್ತಿನಲ್ಲಿ ನನ್ನ ಮೈ ಅಪರಿಚಿತರ ಕೈಯಲ್ಲಿರುತ್ತದೆ ಎಂಬುದು ಅದು. ನೀವು ಇದನ್ನು ಬರೆದಿಲ್ಲ, ಆದರೆ ನನಗೆ ಬರೆಯುವ ಅನೇಕ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಇರುವುದರಿಂದ ಹೇಳುತ್ತೇನೆ. ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಇರಬೇಕೆಂದು ನೀವು ಮೊದಲೇ ಕೇಳಬಹುದು. ಕೆಲಸ ನಡೆಯುವ ಭಾಗವನ್ನು ಬಿಟ್ಟು ಉಳಿದ ಮೈಯನ್ನು ಬಟ್ಟೆಯಿಂದ ಮುಚ್ಚಿರುತ್ತಾರೆ. ಮತ್ತಿನಲ್ಲಿ ಮನಸ್ಸಿನ ಗುಟ್ಟೆಲ್ಲ ಹೊರಬೀಳುತ್ತದೆ ಎಂಬ ಮಾತು ನಿಜವಲ್ಲ, ಗಂಟಲಲ್ಲಿ ನಳಿಕೆ ಇರುವಾಗ ಮಾತೇ ಹೊರಡುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಏನಾದರೂ ಮಾಡಬಹುದೆಂದು ತಿಳಿಯಬೇಡಿ. ಒಂದು ತಪಾಸಣೆಗೆಂದು ಅರಿವಳಿಕೆ ಕೊಟ್ಟ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆಯ ಮೇಲೆ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ನೀಡಿದ ತೀರ್ಪು ಸ್ಪಷ್ಟವಾಗಿದೆ: ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ, ವಿಷಯ ತಿಳಿದು ಒಪ್ಪಿಗೆ ಕೊಡಬೇಕಾದವರು ಸ್ವತಃ ರೋಗಿಯೇ, ಮತ್ತು ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ನೀವು ನಿದ್ದೆಯಲ್ಲಿರುವಾಗಲೂ ಎಚ್ಚರದಲ್ಲಿ ಹೇಳಿದ ನಿಮ್ಮ ಮಾತೇ ನಡೆಯಬೇಕು. ಅಂಡಾಶಯಗಳನ್ನು ಉಳಿಸುತ್ತಾರೋ ತೆಗೆಯುತ್ತಾರೋ ಎಂಬುದನ್ನೂ ಓದಿ, ಕೇಳಿ, ಆಮೇಲೆ ಸಹಿ ಹಾಕಿ.

ಒಂದು ಮಾತನ್ನು ಕಟುವೆನಿಸಿದರೂ ಹೇಳಲೇಬೇಕು. ಮುಂದೂಡುವುದರಿಂದ ಅರಿವಳಿಕೆಯ ಅಪಾಯ ದೂರವಾಗುತ್ತಿಲ್ಲ, ಹತ್ತಿರ ಬರುತ್ತಿದೆ. ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೇ ರಕ್ತಹೀನತೆ ಎನ್ನುವ ಹಿಮೋಗ್ಲೋಬಿನ್ ನಿಮ್ಮಲ್ಲಿ 8ಕ್ಕೆ ಬಂದಿದೆ. ಪ್ರತಿ ತಿಂಗಳ ರಕ್ತಸ್ರಾವ ಅದನ್ನು ಇನ್ನಷ್ಟು ಇಳಿಸಿ, ನೀವು ಹೆದರುತ್ತಿರುವುದನ್ನೇ ಹೆಚ್ಚು ಅಪಾಯಕರವಾಗಿಸುತ್ತದೆ. ಹೊಸ ದಿನಾಂಕದ ಮೊದಲಿನ ವಾರಗಳಲ್ಲಿ ಕಬ್ಬಿಣದ ಮಾತ್ರೆಯಿಂದಲೋ ರಕ್ತನಾಳಕ್ಕೆ ಕೊಡುವ ಕಬ್ಬಿಣಾಂಶದಿಂದಲೋ ಅದನ್ನು ಏರಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ.

ಆಸ್ಪತ್ರೆಯವರು ‘ಪಿಎಸಿ’ ಎನ್ನುವ, ಅರಿವಳಿಕೆಗೆ ಮುಂಚಿನ ತಪಾಸಣೆಯನ್ನು ದಾಖಲಾದ ಸಂಜೆಗೆ ಬಿಡದೆ, ಒಂದು ವಾರ ಮೊದಲೇ ಹೊರರೋಗಿಯಾಗಿ ಮಾಡಿಸಿಕೊಳ್ಳಲು ಕೇಳಿ. ಬಾಯಿ ತೆರೆಸಿ ನೋಡುತ್ತಾರೆ. ಅಲುಗುವ ಹಲ್ಲು, ದಮ್ಮು, ಗೊರಕೆ, ಅಲರ್ಜಿ, ಎಲೆಅಡಿಕೆ ಅಭ್ಯಾಸ, ಆಯುರ್ವೇದವೂ ಸೇರಿ ಸೇವಿಸುವ ಎಲ್ಲ ಔಷಧಿಗಳನ್ನು ವಿಚಾರಿಸುತ್ತಾರೆ. ಇದೆಲ್ಲ ಮುಗಿದ ಮೇಲೆ ‘ನನಗೆ ಇನ್ನೊಂದು ಮಾತಿದೆ’ ಎಂದು, ನನಗೆ ಬರೆದದ್ದನ್ನೇ ಅವರಿಗೂ ಹೇಳಿ. ಗಂಟಲು ಕಟ್ಟಿದರೆ ಚೀಟಿ ಬರೆದುಕೊಂಡು ಹೋಗಿ ಕೊಡಿ. ಹಿಂದಿನ ರಾತ್ರಿಗೆ ಆತಂಕ ಇಳಿಸುವ ಮಾತ್ರೆಯನ್ನೂ ಒಳಗೆ ಹೋದ ಕೂಡಲೇ ಮನಸ್ಸನ್ನು ಸಡಿಲಿಸುವ ಔಷಧಿಯನ್ನೂ ಅವರು ಕೊಡಬಲ್ಲರು, ಆದರೆ ನೀವು ಹೆದರಿದ್ದೀರಿ ಎಂದು ಅವರಿಗೆ ತಿಳಿದಿರಬೇಕು. ಹೊಟ್ಟೆ ಖಾಲಿ ಇರಬೇಕೆಂಬ ನಿಯಮವನ್ನು ಅಕ್ಷರಶಃ ಪಾಲಿಸಿ: ಊಟ, ಹಾಲು ಆರು ಗಂಟೆ ಮೊದಲೇ ಮುಗಿದಿರಬೇಕು, ನೀರು ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ, ಅವರು ಒಪ್ಪಿದರೆ ಮಾತ್ರ. ಮತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವುದನ್ನು ತಡೆಯುವುದಕ್ಕೇ ಈ ಉಪವಾಸ. ತಾಳಿ, ಬಳೆ ತೆಗೆಯಬೇಕಾಗುತ್ತದೆ, ಏಕೆಂದರೆ ವಿದ್ಯುತ್ ಉಪಕರಣ ಬಳಸುವಾಗ ಲೋಹದಿಂದ ಮೈ ಸುಡುವ ಸಾಧ್ಯತೆಯಿದೆ. ಕೊರಳು ಬರಿದಾಗುವುದು ನಿಮ್ಮನ್ನು ಕಳವಳಗೊಳಿಸುವುದಾದರೆ ಅರಿಶಿನದ ದಾರ ಕಟ್ಟಿಕೊಳ್ಳಬಹುದೇ ಎಂದು ಕೇಳಿ, ತಾಳಿಯನ್ನು ಯಾರ ಕೈಗೆ ಕೊಡುವಿರಿ ಎಂಬುದನ್ನೂ ನೀವೇ ನಿರ್ಧರಿಸಿ.

ಮೇಜಿನ ಮೇಲೆ ಮಲಗಿದಾಗ ಮುಖಕ್ಕೆ ಮಾಸ್ಕ್ ಹಿಡಿಯುತ್ತಾರೆ. ಅದರಲ್ಲಿ ಆ ಹೊತ್ತಿಗೆ ಬರುವುದು ಬರೀ ಆಮ್ಲಜನಕ. ನಿಧಾನವಾಗಿ ಉಸಿರೆಳೆದು, ಅದಕ್ಕಿಂತಲೂ ನಿಧಾನವಾಗಿ ಬಿಡಿ. ಇದನ್ನು ಇವತ್ತಿನಿಂದಲೇ ಮಲಗುವ ಮೊದಲು ಹತ್ತು ನಿಮಿಷ ರೂಢಿಸಿಕೊಳ್ಳಿ. ಔಷಧಿ ಒಳಸೇರುವಾಗ ಕೈಯಲ್ಲಿ ಚುರುಚುರು ಎನ್ನಬಹುದು. ಆಗ ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಲು ತೊಡಗಿ. ಮಗ್ಗಿ ಮುಗಿಯುವುದರೊಳಗೆ ನಿಮಗೆ ನಿದ್ದೆ ಬಂದಿರುತ್ತದೆ. ಮತ್ತೆ ಕಿವಿಗೆ ಬೀಳುವುದು ನಿಮ್ಮ ಹೆಸರು ಹಿಡಿದು ಕರೆಯುವ ದನಿ. ಗಂಟಲು ಕೆರೆಯಬಹುದು, ಚಳಿ ನಡುಗಿಸಬಹುದು, ಹೊಟ್ಟೆ ತೊಳಸಬಹುದು. ಇವೆಲ್ಲ ಬಂದು ಹೋಗುವಂಥವು.

ಇಷ್ಟಾದ ಮೇಲೂ ನಿದ್ದೆ ಬಾರದಿದ್ದರೆ, ಆಸ್ಪತ್ರೆಯ ಬಾಗಿಲಲ್ಲೇ ಕಾಲು ಹಿಂಜರಿದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡುವವರಿದ್ದಾರೆ, ಹಣ ಕೊಡಬೇಕಾಗಿಲ್ಲ. ಯಜಮಾನರಿಗೂ ಈ ಉತ್ತರವನ್ನು ಓದಲು ಕೊಡಿ, ಪಿಎಸಿಗೆ ಅವರನ್ನು ಜೊತೆಗೆ ಕರೆದೊಯ್ಯಿರಿ. ಅದಕ್ಕೂ ಮೊದಲು ಊರಿಗೆ ಹೋಗಿ, ದೊಡ್ಡಮ್ಮನೋ ಅಮ್ಮನೋ ಇದ್ದರೆ ಪಕ್ಕದಲ್ಲಿ ಕುಳಿತು ಕೇಳಿ: ದೊಡ್ಡಪ್ಪನಿಗೆ ಆಗ ಏನಾಗಿತ್ತು, ಎಷ್ಟು ದಿನದಿಂದ ನರಳುತ್ತಿದ್ದರು, ವೈದ್ಯರು ಹೊರಗೆ ಬಂದು ಏನು ಹೇಳಿದರು. ಅವರು ಹೇಳಿದ್ದನ್ನು ಬರೆದುಕೊಂಡು, ಆ ಹಾಳೆಯನ್ನು ಅರಿವಳಿಕೆ ತಜ್ಞರ ಕೈಗೆ ಕೊಡಿ.