ಕನ್ನಡ ಪುಸ್ತಕಗಳ ದಾಖಲೆ ಕೋಹಾದಲ್ಲಿ ಸಿಗುತ್ತಿಲ್ಲವೇ?

ಪ್ರಶ್ನೆ: ನಾನು ಕಾಲೇಜೊಂದರ ಗ್ರಂಥಪಾಲಕಿ. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿ, ಬೇರೆ ಗ್ರಂಥಾಲಯಗಳ ಕ್ಯಾಟಲಾಗಿನಲ್ಲಿ ಹುಡುಕಲು ನೆರವಾಗುವ ಝಡ್39.50 ಎಂಬ ವ್ಯವಸ್ಥೆಯ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಗ್ರಂಥದಾಖಲೆಗಳನ್ನು ತರಿಸಿಕೊಳ್ಳುತ್ತಿದ್ದೇವೆ. ಇಂಗ್ಲಿಷ್ ಪುಸ್ತಕಗಳು ಐಎಸ್‌ಬಿಎನ್ ಎಂಬ ಪುಸ್ತಕದ ಗುರುತುಸಂಖ್ಯೆ ಕೊಟ್ಟೊಡನೆ ಸಿಗುತ್ತವೆ; ಹಳೆಯ ಕನ್ನಡ ಪುಸ್ತಕಗಳು ಮಾತ್ರ ಸಿಗುವುದಿಲ್ಲ. ಅವನ್ನೆಲ್ಲ ನಾವೇ ಟೈಪು ಮಾಡಬೇಕೇ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಅದಕ್ಕೆ ಮೊದಲು ಹುಡುಕುವ ಕ್ರಮವನ್ನು ಬದಲಿಸಿ ನೋಡಿ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕಗಳನ್ನು ಶೀರ್ಷಿಕೆಯಿಂದಲೇ ಹುಡುಕಬೇಕು. ಆ ಗ್ರಂಥಾಲಯವು 1960ರ ದಶಕದಿಂದಲೂ ತನ್ನ ದೆಹಲಿ ಕಚೇರಿಯ ಮೂಲಕ ಕನ್ನಡ ಪುಸ್ತಕಗಳನ್ನು ತರಿಸಿಕೊಳ್ಳುತ್ತಿದೆಯಾದರೂ, ಅವುಗಳ ದಾಖಲೆಗಳು ಬಹುಪಾಲು ರೋಮನ್ ಲಿಪಿಯಲ್ಲಿವೆ; ಅಲ್ಲಿನ ಕಾಗುಣಿತವೂ ನಾವು ರೂಢಿಯಲ್ಲಿ ಬರೆಯುವಂಥದ್ದಲ್ಲ. ಚಕಾರಕ್ಕೆ ಅಲ್ಲಿ ಬರಿಯ 'ಸಿ' ಅಕ್ಷರ; 'ಸಿಎಚ್' ಎಂದರೆ ಛಕಾರ. ಆದ್ದರಿಂದ ಶೀರ್ಷಿಕೆಯಲ್ಲಿ ಚಿಕ್ಕಮಗಳೂರು ಎಂದಿದ್ದರೆ ಮೊದಲಕ್ಷರದ ಜೊತೆ 'ಎಚ್' ಸೇರಿಸಬಾರದು. ಹಾಸನಕ್ಕೆ ರೈಲು ನಿಲ್ದಾಣದ ಫಲಕದಲ್ಲಿರುವ ಇಂಗ್ಲಿಷ್ ರೂಪ ನಡೆಯದು: 'ಎಸ್' ಒಂದೇ ಇರಬೇಕು, ಕೊನೆಯಲ್ಲಿ 'ಎ' ಬರಬೇಕು. ಶಕಾರ, ಷಕಾರಗಳೆರಡಕ್ಕೂ ಗುರುತು ಹಚ್ಚಿದ 'ಎಸ್' ಬಳಸುತ್ತಾರೆ. ಹುಡುಕುವಾಗ ಬರಿಯ 'ಎಸ್' ಸಾಕು. ಲೇಖಕರ ಇನಿಷಿಯಲ್‌ಗಳನ್ನೂ ಕನ್ನಡದ ಉಚ್ಚಾರದಂತೆ ಬಿಡಿಸಿ ಬರೆದಿರುತ್ತಾರೆ. ನಿಮ್ಮ ಜಿಲ್ಲೆಯವರೇ ಆದ ಎಸ್. ಎಲ್. ಭೈರಪ್ಪನವರ 'ಎಸ್' ಅಲ್ಲಿ ಒಂದಕ್ಷರವಲ್ಲ, 'ಇ' ಮತ್ತು 'ಎಸ್' ಎಂಬ ಎರಡಕ್ಷರ. ಇನಿಷಿಯಲ್ ಬಿಟ್ಟು ಭೈರಪ್ಪ ಎಂದಷ್ಟೇ ಕೊಡುವುದು ಲೇಸು.

ದಾಖಲೆ ಸಿಕ್ಕಿತೆಂದು ಒಡನೆಯೇ ಉಳಿಸಬೇಡಿ. ಪ್ರಕಾಶಕರ ಹೆಸರು, ವರ್ಷ, ಪುಟಸಂಖ್ಯೆಗಳನ್ನು ಕೈಯಲ್ಲಿರುವ ಪ್ರತಿಯೊಂದಿಗೆ ತಾಳೆ ನೋಡಿ. ಕನ್ನಡದಲ್ಲಿ ಒಂದೇ ಕಾದಂಬರಿ ಬೇರೆ ಬೇರೆ ಪ್ರಕಾಶನಗಳಿಂದ ಮರುಮುದ್ರಣಗೊಳ್ಳುವುದು ಸಾಮಾನ್ಯವಾದ್ದರಿಂದ ಬೇರೊಂದು ಮುದ್ರಣದ ದಾಖಲೆಯನ್ನು ಉಳಿಸುವ ತಪ್ಪು ಸುಲಭವಾಗಿ ನುಸುಳುತ್ತದೆ. ಅಕ್ಷರಗಳು ಕಲಸಿಹೋಗಿ ಕಂಡರೆ ಸರ್ವರ್ ಸೆಟ್ಟಿಂಗ್‌ನಲ್ಲಿ ಯುಟಿಎಫ್-8 ಎಂಬ ಅಕ್ಷರಸಂಕೇತ ಆಯ್ಕೆಯಾಗಿದೆಯೇ ಎಂದು ಪರಿಶೀಲಿಸಿ.

ಮುಂದಿನ ಕೆಲಸವನ್ನು ದಯವಿಟ್ಟು ಬಿಡಬೇಡಿ. ಗ್ರಂಥದಾಖಲೆಯನ್ನು ಸಂಖ್ಯೆ ಕೊಟ್ಟ ಫೀಲ್ಡ್‌ಗಳಾಗಿ ವಿಂಗಡಿಸುವ ಮಾರ್ಕ್ ನಿಯಮದ ಪ್ರಕಾರ ಮೂಲ ಲಿಪಿಯ ರೂಪವನ್ನು 880ನೆಯ ಫೀಲ್ಡ್‌ನಲ್ಲಿ ಇಡಬಹುದು. ಆದರೆ ನಿಮ್ಮ ವಿದ್ಯಾರ್ಥಿಗಳು ಹುಡುಕುವುದು ಕನ್ನಡದಲ್ಲಿ. ಹುಡುಕಾಟದ ಪಟ್ಟಿಯಲ್ಲಿ ಅವರ ಕಣ್ಣಿಗೆ ಮೊದಲು ಬೀಳಬೇಕಾದದ್ದೂ ಕನ್ನಡವೇ. ಆದಕಾರಣ ಶೀರ್ಷಿಕೆಯ ಫೀಲ್ಡ್ ಆದ 245ರಲ್ಲಿ ಕನ್ನಡ ಶೀರ್ಷಿಕೆಯನ್ನೇ ಬರೆದು, ರೋಮನ್ ರೂಪವನ್ನು ಪರ್ಯಾಯ ಶೀರ್ಷಿಕೆಯ ಫೀಲ್ಡ್ ಆದ 246ಕ್ಕೆ ಸರಿಸುವುದು ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. ಲೇಖಕರ ಹೆಸರನ್ನೂ ಕನ್ನಡದಲ್ಲಿ, ಎಲ್ಲ ಪುಸ್ತಕಗಳಿಗೂ ಒಂದೇ ರೂಪದಲ್ಲಿ ಕೊಡಿ. ಡ್ಯೂಯಿ ವರ್ಗಸಂಖ್ಯೆ ಬಂದಿದ್ದರೆ, ಕನ್ನಡ ಸಾಹಿತ್ಯಕ್ಕೆ ಅದು 894.814ರಿಂದ ಆರಂಭವಾಗಿರಬೇಕು. ಬಾರ್‌ಕೋಡ್ ಮತ್ತು ನಿಮ್ಮ ಕಪಾಟಿನ ಕರೆಸಂಖ್ಯೆ ಯಾವ ಕ್ಯಾಟಲಾಗಿನಿಂದಲೂ ಬರುವುದಿಲ್ಲ. ಅವನ್ನು ಪ್ರತಿಯೊಂದು ಪ್ರತಿಗೂ, ಪ್ರತಿಗಳ ವಿವರಕ್ಕೆ ಕೋಹಾ ಬಳಸುವ 952ನೆಯ ಫೀಲ್ಡ್‌ನಲ್ಲಿ ನೀವೇ ತುಂಬಬೇಕು.